ಶಾಂತಲೆ ಎಂಬ ಹೆಸರು

ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಒಬ್ಬ ರಾಣಿಯನ್ನು ಕುರಿತಲ್ಲ. ಆಕೆಯ ಹೆಸರನ್ನು ಕುರಿತು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲದೇವಿಯ ರೂಪ, ಕಲೆ, ದಾನಧರ್ಮಗಳ ವಿಚಾರವನ್ನು ಕನ್ನಡ ಬಲ್ಲ ಕೇಳುಗರು ಅನೇಕ ಬಾರಿ ಕೇಳಿರುತ್ತಾರೆ. ಬೇಲೂರಿಗೆ ಹೋಗಿ ಬಂದವರು ದೇವಾಲಯವನ್ನು ತೋರಿಸುವವರ ಬಾಯಿಂದಲೂ ಕೇಳಿರುತ್ತಾರೆ. ಆದರೆ ಆ ಹೆಸರನ್ನೇ ದಾರಿಯಲ್ಲಿ ತಡೆದು ನಿಲ್ಲಿಸಿ, ‘ನೀನು ಎಲ್ಲಿಯವಳು? ನಿನ್ನ ಅರ್ಥವೇನು? ಇಷ್ಟು ಕಾಲ ಎಲ್ಲಿದ್ದೆ?’ ಎಂದು ವಿಚಾರಿಸುವ ಪ್ರಸಂಗ ಕಡಮೆ. ವಿಚಾರಿಸಿದರೆ ಆ ಹೆಸರು ಹೇಳುವ ಕಥೆ ರಾಣಿಯ ಕಥೆಗಿಂತ ನೀರಸವಾದುದೇನೂ ಅಲ್ಲ.

ನಮಗೆ ಈ ಪ್ರಶ್ನೆ ಹೊಳೆದದ್ದು ತರಗತಿಯಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವವರು ತಪ್ಪದೆ ಮಾಡಬೇಕಾದ ಕೆಲಸಗಳಲ್ಲಿ ಹಾಜರಿ ಕರೆಯುವುದೂ ಒಂದು. ವರ್ಷಗಟ್ಟಲೆ ಈ ಕೆಲಸವನ್ನು ಮಾಡುತ್ತ ಬಂದರೆ, ನಾಡಿನ ತಾಯಿತಂದೆಗಳ ಅಭಿರುಚಿ ಹೇಗೆ ಹರಿಯುತ್ತಿದೆ ಎಂಬುದು ಪಟ್ಟಿಯಿಂದಲೇ ತಿಳಿಯಬರುತ್ತದೆ. ಲತೆಯರೂ ಕವಿತೆಯರೂ ಸಾಲಾಗಿ ‘ಹಾಜರು’ ಎನ್ನುವಾಗ ಒಬ್ಬಳು ಮಾತ್ರ ಶಾಂತಲಾ. ಒಂದು ದಿನ ಆಕೆಯನ್ನು ಹೆಸರಿನ ಅರ್ಥವೇನೆಂದು ಕೇಳಿದೆವು. ‘ಶಾಂತ ಸ್ವಭಾವದವಳು’ ಎಂದಳು. ಇಟ್ಟವರು ಯಾರು ಎಂದು ಕೇಳಿದೆವು. ‘ಅಮ್ಮ, ಒಂದು ಕಾದಂಬರಿಯನ್ನು ಓದಿ ಇಟ್ಟರಂತೆ’ ಎಂದಳು. ಎರಡು ಉತ್ತರಗಳೂ ಸರಿಯೇ. ಆದರೆ ಆ ಎರಡು ಉತ್ತರಗಳ ನಡುವೆ ಎಂಟುನೂರು ವರ್ಷಗಳಿಗೂ ಮಿಗಿಲಾದ ಒಂದು ಅಂತರವುಂಟು. ಅದನ್ನು ದಾಟಿ ಬರಲು ಈ ಹೆಸರು ಏನೇನು ಮಾಡಬೇಕಾಯಿತು ಎಂಬುದನ್ನು ನೋಡೋಣ.

ಮೊದಲು ಅರ್ಥ. ‘ಶಾಂತ’ ಎಂಬುದು ಸಂಸ್ಕೃತದ ‘ಶಮ್’ ಧಾತುವಿನಿಂದ ಬಂದದ್ದು. ತಣಿದದ್ದು, ಅಡಗಿದ್ದು, ನೆಮ್ಮದಿಗೊಂಡದ್ದು ಎಂದು ಅರ್ಥ. ಅದರ ಸ್ತ್ರೀರೂಪ ‘ಶಾಂತಾ’. ದಶರಥನ ಮಗಳು, ಋಷ್ಯಶೃಂಗನ ಪತ್ನಿಯಾದ ಶಾಂತೆಯ ಹೆಸರು ಇದೇ. ಅಷ್ಟರಲ್ಲಿಯೇ ಹೆಸರು ಪೂರ್ಣವಾಗಿದೆ. ಹೀಗಿರಲು ಕೊನೆಯಲ್ಲಿ ಬಂದು ಸೇರಿಕೊಂಡಿರುವ ಆ ‘ಲೆ’ಕಾರಕ್ಕೆ ಏನು ಕೆಲಸ? ಈ ಹೆಸರಿನ ಗುಟ್ಟೆಲ್ಲ ಆ ಒಂದು ಅಕ್ಷರದಲ್ಲಿದೆ.

ಹೊಯ್ಸಳರ ವಂಶಾವಳಿಯನ್ನು ತೆರೆದು ರಾಣಿಯರ ಹೆಸರುಗಳನ್ನು ಮಾತ್ರ ಓದಿಕೊಂಡು ಹೋದರೆ ವಿಷಯ ತಾನಾಗಿಯೇ ಗೋಚರವಾಗುವುದು. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ಇತರ ರಾಣಿಯರಲ್ಲಿ ಬಮ್ಮಲದೇವಿ, ರಾಜಲದೇವಿ ಎಂಬವರುಂಟು. ಅವನ ಮಗನಾದ ಮೊದಲನೆಯ ನರಸಿಂಹನ ರಾಣಿ ಮತ್ತೊಬ್ಬ ಏಚಲದೇವಿ. ಮೊಮ್ಮಗನಾದ ಇಮ್ಮಡಿ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿಯೂ ಕೇತಲದೇವಿಯೂ ಇದ್ದಾರೆ. ಹೊಯ್ಸಳರ ಮನೆಯಿಂದ ಹೊರಕ್ಕೆ ಬಂದರೂ ಇದೇ ನುಡಿ ಕೇಳಿಸುತ್ತದೆ. ಚಾವುಂಡರಾಯನ ತಾಯಿಯನ್ನು ಸಂಪ್ರದಾಯವು ಕಾಳಲದೇವಿ ಎಂದು ಕರೆದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಪ್ರಿಯರಾಣಿ ಚಂದಲದೇವಿ. ಎಲ್ಲಕ್ಕೂ ಬಾಲವೊಂದೇ.

ಈಗ ಆ ಬಾಲವನ್ನು ತೆಗೆದುನೋಡಿದರೆ ಉಳಿಯುವುದೇನು? ಏಚ, ಬಮ್ಮ, ಕೇತ, ಕಾಳ. ಇವೆಲ್ಲ ಆ ಕಾಲದ ಶಾಸನಗಳಲ್ಲಿ ಗಂಡಸರಿಗೆ ಸಾಮಾನ್ಯವಾಗಿದ್ದ ಹೆಸರುಗಳು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆಯ ಹೆಸರೇ ಏಚ. ಗಂಡಿಗೆ ಏಚನಾದರೆ ಹೆಣ್ಣಿಗೆ ಏಚಲೆ. ಗಂಡಿಗೆ ಕೇತನಾದರೆ ಹೆಣ್ಣಿಗೆ ಕೇತಲೆ. ಹೀಗೆ ಈ ‘ಅಲೆ’ ಎಂಬುದು ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಕನ್ನಡನಾಡಿನಲ್ಲಿ ಹೆಣ್ಣು ಹೆಸರುಗಳನ್ನು ಮಾಡುತ್ತಿದ್ದ ಒಂದು ಅಚ್ಚು. ಆ ಅಚ್ಚಿಗೆ ಬ್ರಹ್ಮನ ತದ್ಭವವಾದ ಬಮ್ಮನನ್ನು ಹಾಕಿದರೆ ಬಮ್ಮಲೆ ಬರುತ್ತಿದ್ದಳು. ಸಂಸ್ಕೃತದ ಪದ್ಮವನ್ನು ಹಾಕಿದರೆ ಪದ್ಮಲೆ ಬರುತ್ತಿದ್ದಳು. ಶಾಂತವನ್ನು ಹಾಕಿದಾಗ ಶಾಂತಲೆ ಬಂದಳು. ಆದುದರಿಂದ ಈ ಹೆಸರಿನ ಮೈ ಸಂಸ್ಕೃತದ್ದು, ನಡಿಗೆ ಕನ್ನಡನಾಡಿನದು. ಇದನ್ನು ಕಾಶಿಯ ಪಂಡಿತರ ಕೋಶದಲ್ಲಿ ಹುಡುಕಬೇಕಾಗಿಲ್ಲ. ಹಾಸನದ ಸೀಮೆಯ ಕಲ್ಲುಗಳಲ್ಲಿ ಹುಡುಕಬೇಕು.

‘ಶಾಂತ’ ಎಂಬ ಮಾತನ್ನೇ ಹೆತ್ತವರು ಏಕೆ ಆರಿಸಿಕೊಂಡರು? ತಾಯಿ ಜಿನಭಕ್ತೆ; ಜೈನರ ಹದಿನಾರನೆಯ ತೀರ್ಥಂಕರನ ಹೆಸರು ಶಾಂತಿನಾಥ. ಶಾಂತಲದೇವಿ ತಾನು ದೊಡ್ಡವಳಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ೧೧೨೩ರಲ್ಲಿ ಬಸದಿಯನ್ನು ಕಟ್ಟಿಸಿದಾಗ ಅದರಲ್ಲಿ ನಿಲ್ಲಿಸಿದ್ದೂ ಶಾಂತಿನಾಥನ ಬಿಂಬವನ್ನೇ. ಹೆಸರಿನ ಮೂಲಕ್ಕೂ ಈ ದೇವರಿಗೂ ನಂಟಿದ್ದಿರಬೇಕೆಂದು ಊಹಿಸುವುದು ಅಸಹಜವಲ್ಲ. ಆದರೆ ಕೇಳುಗರು ಒಂದು ವಿನೋದವನ್ನು ಗಮನಿಸಬೇಕು. ಆ ಬಸದಿಗೆ ಇರುವ ಹೆಸರು ಸವತಿಗಂಧವಾರಣ ಬಸದಿ. ಅದು ಅವಳ ಬಿರುದಿನಿಂದಲೇ ಬಂದದ್ದು. ಗಂಧವಾರಣವೆಂದರೆ ಮದ್ದಾನೆ. ಸವತಿಯರ ಪಾಲಿಗೆ ಮದ್ದಾನೆಯಂತಿರುವವಳು ಎಂದು ತಾತ್ಪರ್ಯ. ತೊಟ್ಟಿಲಲ್ಲಿ ಇಟ್ಟ ಹೆಸರು ಶಾಂತಲೆ. ಅರಮನೆಯಲ್ಲಿ ಬಂದ ಬಿರುದು ಮದ್ದಾನೆ! ಹೆಸರಿನ ಅರ್ಥದಿಂದ ಮನುಷ್ಯರ ಸ್ವಭಾವವನ್ನು ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ದೊರೆಯಲಾರದು.

ಈ ಹೆಸರು ಬಾಳಿದ್ದ ಕಾಲದಲ್ಲಿ ಬಹಳ ಗಟ್ಟಿಯಾಗಿ ಬಾಳಿತು. ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದಾಗ ಅದರ ಪಕ್ಕದಲ್ಲಿಯೇ ರಾಣಿ ತನ್ನದಾಗಿ ಚೆನ್ನಿಗರಾಯನನ್ನು ನಿಲ್ಲಿಸಿದಳು. ಜನರು ಈಗ ಕಪ್ಪೆ ಚೆನ್ನಿಗರಾಯ ಎನ್ನುವುದು ಈ ಗುಡಿಯನ್ನೇ. ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ೧೧೨೧ರ ಸುಮಾರಿಗೆ ಎದ್ದ ಜೋಡಿ ಶಿವಾಲಯದಲ್ಲಿ ಒಂದು ಲಿಂಗಕ್ಕೆ ಹೊಯ್ಸಳೇಶ್ವರನೆಂದೂ ಇನ್ನೊಂದಕ್ಕೆ ಶಾಂತಲೇಶ್ವರನೆಂದೂ ಹೆಸರಾಯಿತು. ತಂದೆ ಮಾರಸಿಂಗಯ್ಯನೇನೋ ಶಿವಭಕ್ತ. ಮಗಳು ಜೈನಧರ್ಮದಲ್ಲಿ ನಿಂತವಳು. ಅವಳ ಹೆಸರನ್ನು ಹೊತ್ತವನು ಶಿವ. ಅವಳು ನಿಲ್ಲಿಸಿದವನು ಕೇಶವ. ಒಂದು ಹೆಣ್ಣು ಹೆಸರು ಮೂರು ಮತಗಳ ಅಂಗಳದಲ್ಲಿ ಹೀಗೆ ಸಲೀಸಾಗಿ ಓಡಾಡಿದ್ದನ್ನು ನೆನೆದರೆ ಆ ಕಾಲದ ಮೇಲೆ ಗೌರವ ಹುಟ್ಟುವುದು.

ಅವಳು ತೀರಿಕೊಂಡದ್ದು ೧೧೩೧ರಲ್ಲಿ, ಶಿವಗಂಗೆಯಲ್ಲಿ. ಆ ಬೆಟ್ಟದ ತುದಿಯ ಒಂದು ಪ್ರಪಾತವನ್ನು ಜನರು ಇಂದಿಗೂ ಅವಳ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿಂದ ಆಕೆ ಧುಮುಕಿದಳೆಂಬುದು ಜನರ ಕಥೆ. ಬೆಳಗೊಳದ ಶಾಸನ ಧುಮುಕಿದ ಮಾತನ್ನು ಆಡುವುದಿಲ್ಲ. ಅದು ಹೇಳುವುದು, ಶಿವಗಂಗೆಯ ತೀರ್ಥದಲ್ಲಿ ಆಕೆ ಸ್ವರ್ಗಸ್ಥಳಾದಳೆಂಬುದಷ್ಟನ್ನೇ. ಅನಂತರ ಆ ಶಾಸನ ಇನ್ನೊಬ್ಬಳ ವಿಷಯಕ್ಕೆ ತಿರುಗುತ್ತದೆ. ಅವಳ ಬಳಿಗೆ ನಾವೂ ಆಮೇಲೆ ತಿರುಗಬೇಕಾಗಿದೆ.

ಹೊಯ್ಸಳರ ರಾಜ್ಯ ಹದಿನಾಲ್ಕನೆಯ ಶತಮಾನದಲ್ಲಿ ಮುಗಿಯಿತು. ೧೩೧೧ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಿತು. ಮುಮ್ಮಡಿ ಬಲ್ಲಾಳನೊಡನೆ ಆ ವಂಶದ ವೈಭವ ಅಸ್ತಂಗತವಾಯಿತು. ಹೆಸರಿನ ಅಚ್ಚು ಸ್ವಲ್ಪ ಕಾಲ ಉಳಿದುಕೊಂಡಿತು. ಕೃಷ್ಣದೇವರಾಯನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ಅದರ ದನಿ ಇನ್ನೂ ಕೇಳಿಸುತ್ತದೆ. ಆದರೆ ಬರಬರುತ್ತ ಕನ್ನಡನಾಡಿನ ಮನೆಗಳಲ್ಲಿ ಹೆಣ್ಣುಮಕ್ಕಳು ಅಮ್ಮಂದಿರೂ ಅಕ್ಕಂದಿರೂ ಅವ್ವಂದಿರೂ ಆದರು: ಲಕ್ಷ್ಮಮ್ಮ, ಗೌರಮ್ಮ, ನಂಜಮ್ಮ, ಬಸವ್ವ. ಏಚಲೆ, ಕೇತಲೆ, ಬಮ್ಮಲೆಯರು ಮರೆಯಾದರು. ಅವರೊಡನೆ ಶಾಂತಲೆಯೂ ಮನೆಗಳಿಂದ ಹೊರಟು ಕಲ್ಲಿಗೆ ಸೇರಿದಳು.

ಕಲ್ಲಿನಲ್ಲಿ ಹೆಸರು ಇತ್ತು, ಆದರೆ ಕಲ್ಲನ್ನು ಓದುವವರು ಇರಲಿಲ್ಲ. ಹಳಗನ್ನಡದ ಲಿಪಿ ಮಾರ್ಪಟ್ಟುಹೋಗಿ, ಗುಡಿಯಲ್ಲಿ ದಿನವೂ ದೀಪ ಹಚ್ಚುತ್ತಿದ್ದವರಿಗೂ ಪಕ್ಕದ ಗೋಡೆಯ ಅಕ್ಷರ ಅರ್ಥವಾಗದ ಸ್ಥಿತಿ ಬಂದಿತ್ತು. ಒಂದು ಹೆಸರಿಗೆ ಇದಕ್ಕಿಂತ ವಿಚಿತ್ರವಾದ ಅವಸ್ಥೆ ಬೇರೊಂದಿಲ್ಲ. ಬರೆದಿಟ್ಟಿದ್ದಾರೆ, ಅಳಿಸಿಲ್ಲ, ಆದರೆ ಕರೆಯುವವರಿಲ್ಲ. ಊರಿನ ಹೆಸರಿಗೆ ಊರು ಇರುವವರೆಗೂ ಬಾಳುಂಟು. ಮನುಷ್ಯರ ಹೆಸರು ಹಾಗಲ್ಲ. ಪ್ರತಿ ತಲೆಮಾರಿನಲ್ಲಿಯೂ ಒಬ್ಬ ತಾಯಿ ಅದನ್ನು ಹೊಸದಾಗಿ ಎತ್ತಿಕೊಂಡು ಒಂದು ಮಗುವಿನ ಕಿವಿಯಲ್ಲಿ ಹೇಳಬೇಕು. ಇಲ್ಲವಾದರೆ ಅದು ಹೆಸರಾಗಿ ಉಳಿಯದೆ ಬರಿಯ ಅಕ್ಷರವಾಗುತ್ತದೆ.

ಆ ಅಕ್ಷರ ಮತ್ತೆ ಹೆಸರಾದದ್ದು ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರ ಶ್ರಮದಿಂದ. ಬಿ. ಎಲ್. ರೈಸರು ಶ್ರವಣಬೆಳಗೊಳದ ಶಾಸನಗಳನ್ನು ೧೮೮೯ರಲ್ಲಿ ಪ್ರಕಟಿಸಿದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟ ೧೯೦೨ರಲ್ಲಿ ಬಂದಿತು. ಅವರ ತರುವಾಯ ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದ ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ೧೯೨೩ರಲ್ಲಿ ಬೆಳಗೊಳದ ಸಂಪುಟ ಅವರ ಕೈಯಲ್ಲಿ ಪರಿಷ್ಕಾರವಾಗಿ ಹೊರಬಂದಿತು. ಬಿಸಿಲಿನಲ್ಲಿ ಬೆಟ್ಟ ಹತ್ತಿ, ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಅಚ್ಚು ತೆಗೆದ ಸಿಬ್ಬಂದಿಯ ಹೆಸರುಗಳು ನಮಗೆ ನೆನಪಿನಲ್ಲಿಲ್ಲ. ಆದರೆ ಇಂದು ಯಾವ ಮನೆಯಲ್ಲಿ ‘ಶಾಂತಲಾ’ ಎಂದು ಕೂಗಿದರೂ ಆ ಕೂಗಿನಲ್ಲಿ ಅವರ ಪಾಲೂ ಉಂಟು.

ವಿದ್ವಾಂಸರ ಸಂಪುಟದಿಂದ ತೊಟ್ಟಿಲಿಗೆ ಬರಲು ಇನ್ನೊಂದು ಸೇತುವೆ ಬೇಕಾಗಿತ್ತು. ಅದನ್ನು ಕಟ್ಟಿದವರು ಕಾದಂಬರಿಕಾರರು. ವ್ಯಾಯಾಮಾಚಾರ್ಯರೆಂದು ಹೆಸರಾಗಿದ್ದ ಕೆ. ವಿ. ಅಯ್ಯರ್ ಅವರು ‘ಶಾಂತಲಾ’ ಎಂಬ ಕಾದಂಬರಿಯನ್ನು ಬರೆದರು. ಅದು ಮನೆಮನೆಯಲ್ಲಿ ಓದುವ ಪುಸ್ತಕವಾಯಿತು. ಅನಂತರ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ೧೯೭೮ರಲ್ಲಿ ಪ್ರಕಟವಾಗಿ, ೧೯೮೩ರ ಮೂರ್ತಿದೇವಿ ಪುರಸ್ಕಾರವನ್ನು ಪಡೆಯಿತು. ಮೈಸೂರಿನಲ್ಲಿ ಒಂದು ಚಿತ್ರಮಂದಿರ ಈ ಹೆಸರನ್ನು ಇಟ್ಟುಕೊಂಡು ೨೦೨೦ರವರೆಗೆ ನಡೆಯಿತು. ಕರ್ನಾಟಕ ಸರ್ಕಾರ ನೃತ್ಯಕಲಾವಿದರಿಗೆ ಕೊಡುವ ಪ್ರಶಸ್ತಿಗೂ ಶಾಂತಲಾ ನಾಟ್ಯಶ್ರೀ ಎಂದು ಹೆಸರು. ಹೀಗೆ ಕಾದಂಬರಿ, ರಂಗಮಂಟಪ, ಬೀದಿಯ ಫಲಕಗಳ ದಾರಿಯಲ್ಲಿ ಹೆಸರು ಮತ್ತೆ ಮನೆಯ ಒಳಕ್ಕೆ ಬಂದಿತು.

ಒಳಕ್ಕೆ ಬರುವಾಗ ಅದು ಉಡುಪನ್ನು ಸ್ವಲ್ಪ ಬದಲಾಯಿಸಿತು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಶಬ್ದಗಳು ಕನ್ನಡಕ್ಕೆ ಬಂದಾಗ ಎಕಾರಾಂತವಾಗುವುದು ನಮ್ಮ ಭಾಷೆಯ ಹಳೆಯ ನಿಯಮ: ಸೀತಾ ಸೀತೆಯಾಗುತ್ತಾಳೆ, ಗಂಗಾ ಗಂಗೆಯಾಗುತ್ತಾಳೆ. ಇಪ್ಪತ್ತನೆಯ ಶತಮಾನದ ನಾಗರಿಕ ಕುಟುಂಬಗಳು ಈ ನಿಯಮವನ್ನು ಹಿಂದುಮುಂದು ಮಾಡಿದುವು. ಕನ್ನಡದಲ್ಲಿಯೇ ಹುಟ್ಟಿ ಬೆಳೆದ ಶಾಂತಲೆಗೆ ದೀರ್ಘವನ್ನು ಹಚ್ಚಿ ಶಾಂತಲಾ ಎಂದರು. ಆಗ ಅದು ವಿಮಲಾ, ಶ್ಯಾಮಲಾ, ವತ್ಸಲಾ, ನಿರ್ಮಲಾ ಎಂಬ ಹೆಸರುಗಳ ಪಂಕ್ತಿಯಲ್ಲಿ ಅಪರಿಚಿತೆಯೆನಿಸದೆ ಕುಳಿತುಬಿಟ್ಟಿತು. ಇಲ್ಲಿಯೇ ಈ ಹೆಸರಿನ ಭಾಗ್ಯದ ಕಾರಣವಿದೆ. ಏಚಲೆ, ಕೇತಲೆಯರು ಅವಳ ಒಡಹುಟ್ಟಿದವರೇ. ಆದರೆ ಅವರ ಮುಖ ಇಂದಿನವರಿಗೆ ಗುರುತಾಗದು. ಶಾಂತಲೆಯ ಮುಖ ಗುರುತಾಯಿತು. ಅವಳನ್ನು ನಾವು ಮರಳಿ ಕರೆದದ್ದು ಅವಳು ದೊಡ್ಡ ರಾಣಿಯೆಂಬ ಒಂದೇ ಕಾರಣದಿಂದ ಅಲ್ಲ. ಅವಳ ಹೆಸರು ನಮ್ಮ ಕಿವಿಗೆ ಹಿಡಿಸಿತೆಂಬ ಕಾರಣದಿಂದಲೂ ಹೌದು.

ಈ ಹೆಸರಿನ ಪ್ರಯಾಣ ಕನ್ನಡನಾಡಿನ ಗಡಿಯಲ್ಲಿ ನಿಂತಿಲ್ಲ. ಫ್ರಾನ್ಸ್ ದೇಶದ ಪ್ರಸೂತಿವೈದ್ಯರಾದ ಫ್ರೆಡೆರಿಕ್ ಲೆಬೊಯೆ ಅವರು ಕಲ್ಕತ್ತೆಯಲ್ಲಿ ಒಬ್ಬ ಬಡ ತಾಯಿ ತನ್ನ ಕೂಸಿಗೆ ಎಣ್ಣೆ ಹಚ್ಚಿ ನೀವುತ್ತಿದ್ದುದನ್ನು ಕಂಡು ಬೆರಗಾದರು. ಆ ತಾಯಿಯ ಹೆಸರು ಶಾಂತಲಾ. ೧೯೭೬ರಲ್ಲಿ ಅವರು ಆ ಕಲೆಯನ್ನು ಕುರಿತು ಚಿತ್ರಸಹಿತವಾದ ಪುಸ್ತಕವನ್ನು ಪ್ರಕಟಿಸಿ, ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಅಲ್ಲಿಂದ ಮುಂದೆ ಬ್ರೆಜಿಲ್ ದೇಶದಲ್ಲಿ ‘ಶಾಂತಲಾ’ ಎಂದರೆ ಹಸುಗೂಸಿಗೆ ಎಣ್ಣೆ ನೀವುವುದು ಎಂದೇ ಅರ್ಥವಾಯಿತು. ೨೦೧೭ರಲ್ಲಿ ಅಲ್ಲಿನ ಸರ್ಕಾರ ಅದನ್ನು ಈ ಹೆಸರಿನಿಂದಲೇ ತನ್ನ ಸಾರ್ವಜನಿಕ ಆರೋಗ್ಯವ್ಯವಸ್ಥೆಯ ಪೂರಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಹೊಯ್ಸಳರ ಕಥೆಗೂ ಆ ಪುಸ್ತಕಕ್ಕೂ ನಂಟು ಹೂಡಬೇಕಾದ ಅಗತ್ಯವಿಲ್ಲ. ಆದರೆ ನಮ್ಮ ಬಾಣಂತಿಮನೆಗಳಲ್ಲಿ ಅಜ್ಜಿಯರು ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಮಾಡುವ ಕೆಲಸಕ್ಕೆ ಕಡಲಾಚೆ ಒಬ್ಬ ತಾಯಿಯ ಹೆಸರು ಸಂದಿತಲ್ಲ ಎಂಬುದು ಸಂತೋಷದ ಸಂಗತಿ.

ತಾಯಿಯ ಮಾತು ಬಂದುದರಿಂದ, ಬೆಳಗೊಳದ ಶಾಸನದಲ್ಲಿ ನಾವು ಬಿಟ್ಟುಬಂದ ಇನ್ನೊಬ್ಬಳ ಬಳಿಗೆ ಈಗ ಹೋಗೋಣ. ಅವಳು ಶಾಂತಲೆಯ ತಾಯಿ. ಹೆಸರು ಮಾಚಿಕಬ್ಬೆ, ಅವಳ ತಾಯಿಯ ಹೆಸರು ಬಾಚಿಕಬ್ಬೆ. ಈ ಕೊನೆಯ ‘ಅಬ್ಬೆ’ ಎಂಬುದಕ್ಕೆ ತಾಯಿ ಎಂದರ್ಥ; ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿಯನ್ನು ಅಬ್ಬೆ ಎನ್ನುತ್ತಾರೆ. ಅಜ್ಜಿ ಬಾಚಿಕಬ್ಬೆ, ತಾಯಿ ಮಾಚಿಕಬ್ಬೆ, ಮಗಳು ಶಾಂತಲೆ: ಒಂದು ಮನೆಯ ಮೂರು ತಲೆಮಾರುಗಳಲ್ಲಿ ಹೆಸರಿನ ರುಚಿ ಹೇಗೆ ಬದಲಾಯಿತೆಂಬುದು ಇಲ್ಲಿಯೇ ಕಾಣುತ್ತದೆ. ಮಗಳಿಗೆ ತನ್ನ ಹೆಸರಿನ ಹಳೆಯ ಧಾಟಿ ಬೇಡವೆಂದು, ಆ ಕಾಲಕ್ಕೆ ನಯವಾಗಿ ಕೇಳಿಸುತ್ತಿದ್ದ ಹೆಸರನ್ನು ಮಾಚಿಕಬ್ಬೆ ಆರಿಸಿರಬೇಕು. ಇಂದಿನ ತಾಯಂದಿರು ಮಾಡುವುದೂ ಇದನ್ನೇ.

ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಸುದ್ದಿ ತಿಳಿದಾಗ, ತಾನು ಹಿಂದೆ ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಕೈಕೊಂಡು, ಒಂದು ತಿಂಗಳು ಅನಶನವಿದ್ದು ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ. ಮಗಳ ಬಸದಿಯ ಬಳಿಯಲ್ಲಿಯೇ ಆ ಶಾಸನವಿದೆ. ರಾಜರ ಗೆಲುವುಗಳನ್ನು ಹೊಗಳುವ ಸಾವಿರ ಕಲ್ಲುಗಳ ನಡುವೆ, ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯ ಕೊನೆಯ ತಿಂಗಳನ್ನು ನೆನೆಯುವ ಈ ಕಲ್ಲಿನ ಮುಂದೆ ಎಂಥವರೂ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕಾಗುತ್ತದೆ.

ನಾವು ಒಂದು ವರ್ಷ ವಿದ್ಯಾರ್ಥಿಗಳೊಡನೆ ಚಿಕ್ಕಬೆಟ್ಟಕ್ಕೆ ಹೋಗಿದ್ದಾಗ, ಮೇಲೆ ಹೇಳಿದ ಹುಡುಗಿಯೂ ಬಂದಿದ್ದಳು. ಈ ಸಂಗತಿಯನ್ನು ಅಲ್ಲಿಯೇ ನಿಂತು ಹೇಳಿದೆವು. ಅವಳು ತನ್ನ ಹೆಸರಿನ ರಾಣಿಯ ವಿಚಾರವನ್ನು ಎಷ್ಟೋ ಓದಿದ್ದಳು. ರಾಣಿಯ ತಾಯಿಯ ಹೆಸರನ್ನು ಕೇಳಿದ್ದು ಅಂದೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ, ‘ಈ ಹೆಸರನ್ನು ಈಗ ಯಾರಾದರೂ ಇಡುತ್ತಾರೆಯೆ?’ ಎಂದು ಕೇಳಿದಳು. ಹಿಂದೆ ನಿಂತಿದ್ದ ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ.

ಆ ನಗೆಗೆ ನಾವು ಹುಡುಗರನ್ನು ದೂಷಿಸಲಾರೆವು. ಅದು ನಮ್ಮೆಲ್ಲರ ಕಿವಿಯ ನಗೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಖ್ಯಾತಿಗೊಂಡ ಅತ್ತಿಮಬ್ಬೆಯನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ, ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುತ್ತೇವೆ. ಮಗುವಿಗೆ ಆ ಹೆಸರನ್ನು ಇಡಲು ಮಾತ್ರ ನಮ್ಮ ಮನಸ್ಸು ಒಪ್ಪುವುದಿಲ್ಲ. ಇತಿಹಾಸವನ್ನು ಉಳಿಸಿಕೊಂಡೆವೆಂದು ನಾವು ಹೆಮ್ಮೆಪಡುವಾಗ, ಉಳಿಸಿಕೊಂಡದ್ದರಲ್ಲಿ ಕಿವಿಗೆ ಹಿತವಾದದ್ದು ಎಷ್ಟು, ಬಿಟ್ಟುಬಂದದ್ದು ಎಷ್ಟು ಎಂಬ ಲೆಕ್ಕವನ್ನೂ ನೋಡಿಕೊಳ್ಳುವುದು ಪ್ರಾಮಾಣಿಕತೆಗೆ ಒಪ್ಪುವ ನಡತೆ. ಮಗಳ ಹಿಂದೆ ಉಳಿಯಲಾರೆನೆಂದ ತಾಯಿಯ ಹೆಸರನ್ನು ನಾವು ಹಿಂದೆಯೇ ಉಳಿಸಿ ಬಂದಿದ್ದೇವೆ.

ಹಳೆಯ ಹೆಸರುಗಳನ್ನೆಲ್ಲ ಮತ್ತೆ ತೊಟ್ಟಿಲಿಗೆ ತರಬೇಕೆಂದು ನಾವು ಉಪದೇಶಿಸಲು ಬಂದಿಲ್ಲ. ಹೆಸರು ಹೊರಬೇಕಾದದ್ದು ಮಗು. ಅದರ ಭಾರವನ್ನು ಭಾಷಣಕಾರರು ಗೊತ್ತುಮಾಡತಕ್ಕದ್ದಲ್ಲ. ಶಾಂತಲಾ ಎಂಬ ಹೆಸರು ಇನ್ನೂ ವಿರಳವಾಗಿದೆ, ಬಾಳಲಿ. ಅದನ್ನು ಇಟ್ಟುಕೊಂಡವರು ಒಂದು ವಿಷಯವನ್ನು ತಿಳಿದಿದ್ದರೆ ಸಾಕು: ಅದು ಕಾದಂಬರಿಯಿಂದ ಬಂದ ಹೆಸರಲ್ಲ, ಶಾಂತ ಸ್ವಭಾವಕ್ಕೆ ಕೊಟ್ಟ ಪ್ರಮಾಣಪತ್ರವೂ ಅಲ್ಲ, ಮಾಚಿಕಬ್ಬೆ ಎಂಬ ತಾಯಿ ತನ್ನ ಮಗಳಿಗೆ ಇಟ್ಟ ಹೆಸರು. ಚಿಕ್ಕಬೆಟ್ಟದಿಂದ ಇಳಿದು ಬರುವಾಗ ಆ ಹುಡುಗಿ ಮೆಟ್ಟಿಲ ಮೇಲೆ ನಿಂತು ತನ್ನ ಟಿಪ್ಪಣಿ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡಳು. ಕಾಗುಣಿತ ಸರಿಯಾಗಿದೆಯೆ ಎಂದು ನಮಗೆ ತೋರಿಸಿದಳು. ಸರಿಯಾಗಿತ್ತು, ಬೆಳಗೊಳದ ಕಲ್ಲಿನ ಮೇಲೆ ಇರುವ ಆ ತಾಯಿಯ ಹೆಸರು.